ಚಾಳೀಸಿನ ಗಿರಾಕಿಗಳು

ನಮ್ಮ ಕಸುಬಿನಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ. ಪತ್ರಿಕೆಯವರು ಅಕ್ಷರ ಸಣ್ಣ ಮಾಡಿಬಿಡುತ್ತಾರೆ, ಮನೆಯ ಟ್ಯೂಬ್‌ಲೈಟು ಮಂಕಾಗುತ್ತದೆ, ಸೂಜಿ ಮಾಡುವವರು ಕಣ್ಣೇ ಇಲ್ಲದ ಸೂಜಿ ಮಾಡಿ ಮಾರುತ್ತಾರೆ. ಕನ್ನಡಕದ ಅಂಗಡಿಗೆ ಬರುವವರೆಲ್ಲ ಇಂಥ ಒಂದು ದೂರು ಹೊತ್ತುಕೊಂಡೇ ಬರುತ್ತಾರೆ. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಓದಲು ಹಾಕುವ ಕನ್ನಡಕಕ್ಕೆ ಚಾಳೀಸು ಅನ್ನುತ್ತಾರೆ ತಾನೆ, ಆ ಒಂದು ಪದವನ್ನು ನಾನು ಕೌಂಟರಿನಲ್ಲಿ ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ. ಹೇಳಿದರೆ ಗಿರಾಕಿ ಎದ್ದು ಹೋಗುತ್ತಾರೆ.

ನಾನು ಗದಗದ ಕಡೆಯವಳು. ಕಣ್ಣು ಪರೀಕ್ಷೆ ಮಾಡುವ ಕೋರ್ಸು ಮುಗಿಸಿ, ಮದುವೆಯಾಗಿ, ತೊಂಬತ್ತರ ದಶಕದ ಶುರುವಿನಲ್ಲಿ ಬೆಂಗಳೂರಿಗೆ ಬಂದೆ. ಮೊದಲು ಹಲಸೂರು ಬಜಾರಿನ ಒಂದು ಹಳೇ ಕನ್ನಡಕದ ಅಂಗಡಿಯಲ್ಲಿ ಹತ್ತು ವರ್ಷ ಕೆಲಸ ಮಾಡಿದೆ. ಆಮೇಲೆ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ನನ್ನದೇ ಪುಟ್ಟ ಅಂಗಡಿ ಇಟ್ಟೆ. ಈ ಎರಡು ಅಂಗಡಿಗಳಲ್ಲಿ ಕಣ್ಣು ನೋಡಿದ್ದು ಎಷ್ಟೋ, ಕಣ್ಣಿನ ಹಿಂದೆ ಕೂತ ಮನುಷ್ಯರನ್ನು ನೋಡಿದ್ದು ಅದಕ್ಕಿಂತ ಹೆಚ್ಚು. ಕೆಲವರನ್ನು ಇವತ್ತಿಗೂ ನೆನೆದು ಒಬ್ಬಳೇ ನಗುತ್ತೇನೆ. ಮನೆಯವರು ಮೊದಲು ಗಾಬರಿಯಾಗುತ್ತಿದ್ದರು, ಈಗ ಬಿಟ್ಟಿದ್ದಾರೆ.

ಕಂಠಪಾಠ

ಹಲಸೂರಿನ ಅಂಗಡಿಯಲ್ಲಿ ಕಣ್ಣು ಪರೀಕ್ಷೆಗೆಂದು ಒಳಗೆ ಉದ್ದನೆಯ ಒಂದು ಕೋಣೆಯಿತ್ತು. ಅದರ ಕೊನೆಯ ಗೋಡೆಗೆ ಒಂದೇ ಮೊಳೆಗೆ ನಾಲ್ಕು ಅಕ್ಷರದ ಬೋರ್ಡು ನೇತುಹಾಕಿದ್ದೆವು: ಕನ್ನಡ, ತಮಿಳು, ಉರ್ದು, ಇಂಗ್ಲಿಷ್. ಬಂದವರಿಗೆ ಯಾವ ಭಾಷೆ ಬರುತ್ತದೋ ಆ ಬೋರ್ಡನ್ನು ಮುಂದಕ್ಕೆ ತರುವುದು. ಕಂಟೋನ್ಮೆಂಟಿನಲ್ಲಿ ಬೇರೆ ದಾರಿ ಇರಲಿಲ್ಲ.

ಒಂದು ದಿನ ಶಿವಾಜಿನಗರದ ಬಸ್ಸಿನ ಕಂಡಕ್ಟರೊಬ್ಬರನ್ನು ಅವರ ಹೆಂಡತಿ ಕೈಹಿಡಿದು ಎಳೆದುಕೊಂಡು ಬಂದರು. ಐವತ್ತೆರಡು ವರ್ಷದ ಆಳು, ತಿರುವಿದ ಮೀಸೆ.

'ಇವರಿಗೆ ದೂರದ್ದೂ ಕಾಣಲ್ಲ, ಹತ್ತಿರದ್ದೂ ಕಾಣಲ್ಲ ಮೇಡಂ. ಮೊನ್ನೆ ಪಕ್ಕದ ಮನೆಯೋರಿಗೆ ನಮ್ಮಕ್ಕ ಅಂದ್ಕೊಂಡು ನಮಸ್ಕಾರ ಮಾಡಿದ್ರು' ಅಂದರು ಆಕೆ.

'ನಮಸ್ಕಾರ ಯಾರಿಗೆ ಮಾಡಿದ್ರೆ ಏನಂತೆ? ನಂದು ಹದ್ದಿನ ಕಣ್ಣು. ಪರೀಕ್ಷೆ ಮಾಡ್ಲಿ, ಪಾಸಾದ್ರೆ ಇನ್ನು ಕನ್ನಡಕ ಅನ್ನೋ ಮಾತು ಎತ್ತಬಾರದು ನೀನು' ಅಂದರು ಕಂಡಕ್ಟರು.

ಸರದಿ ಬರುವ ತನಕ ಕೂತಿರಿ ಅಂದೆ. ಆ ಹದ್ದು ಬೆಂಚಿನ ಮೇಲೆ ಕೂರಲಿಲ್ಲ. ಪರೀಕ್ಷೆ ಕೋಣೆಯಲ್ಲಿ ಯಾರೂ ಇಲ್ಲದ್ದು ನೋಡಿ, ಫ್ಯಾನ್ ಗಾಳಿ ಬೇಕು ಅಂತ ನೆವ ಹೇಳಿ ಒಳಗೆ ಹೋಗಿ, ಕನ್ನಡ ಬೋರ್ಡಿನ ಬುಡದಲ್ಲಿ ಹತ್ತು ನಿಮಿಷ ನಿಂತು ಬಂದರು. ತುಟಿ ಅಲ್ಲಾಡುತ್ತಿದ್ದುದನ್ನು ನಾನು ನೋಡಿದೆ. ಮಂತ್ರ ಹೇಳಿಕೊಳ್ಳುತ್ತಿದ್ದಾರೇನೋ ಅಂದುಕೊಂಡು ಸುಮ್ಮನಾದೆ.

ಅಷ್ಟರಲ್ಲಿ ಅವರಿಗಿಂತ ಮುಂಚೆ ಬಂದಿದ್ದ ರಸೆಲ್ ಮಾರ್ಕೆಟ್ಟಿನ ಹಣ್ಣಿನ ವ್ಯಾಪಾರಿಯ ಸರದಿ ಬಂತು. ಅವರಿಗೆ ಉರ್ದು ಬೋರ್ಡು ಮುಂದೆ ತಂದೆ, ಪರೀಕ್ಷೆ ಮುಗಿಸಿದೆ, ಕಳಿಸಿದೆ. ಬೋರ್ಡು ಬದಲಾಯಿಸುವುದು ಮರೆತುಹೋಯಿತು.

ಕಂಡಕ್ಟರು ಕುರ್ಚಿಯಲ್ಲಿ ಕೂತರು. ಹೆಂಡತಿ ಬಾಗಿಲ ಬಳಿ ನಿಂತರು. ಒಂದು ಕಣ್ಣಿಗೆ ಮುಚ್ಚಳ ಹಾಕಿ, 'ಎಲ್ಲಿ ತನಕ ಕಾಣುತ್ತೋ ಓದಿ' ಅಂದೆ. ಅವರು ಎದೆ ಸೆಟೆಸಿ, ಗೋಡೆಯನ್ನೇ ದಿಟ್ಟಿಸುತ್ತ, 'ದ. ಪ, ಅ. ಟ, ರ, ವ...' ಅಂತ ಶುರುಮಾಡಿದರು. ಎಲ್ಲೂ ತಡವರಿಕೆಯಿಲ್ಲ. ಸ್ಟಾಪು ಕೂಗುವ ಧಾಟಿಯಲ್ಲಿ ಕಟ್ಟಕಡೆಯ ಸಾಲಿನವರೆಗೆ ಹೋದರು. ಆಗ ನಾನು ತಿರುಗಿ ಬೋರ್ಡು ನೋಡಿದೆ. ಬಲದಿಂದ ಎಡಕ್ಕೆ ಉರ್ದು ಅಕ್ಷರಗಳು ಸಾಲುಸಾಲಾಗಿ ಕೂತಿದ್ದವು.

ಬಾಗಿಲ ಬಳಿ ನಿಂತಿದ್ದ ಆಕೆಯ ಮುಖ ನೋಡಿದೆ. ಆಕೆ ಬಹಳ ಹೊತ್ತು ಬೋರ್ಡು ನೋಡಿದರು, ಗಂಡನನ್ನು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು:

'ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ್ದೀನಿ ಮೇಡಂ. ಇವರಿಗೆ ಉರ್ದು ಬರುತ್ತೆ ಅಂತ ಇವತ್ತೇ ಗೊತ್ತಾಗಿದ್ದು.'

ಐವತ್ತೊಂಬತ್ತು

ಆ ಅಂಗಡಿಯ ಯಜಮಾನರು ಬಹಳ ಒಳ್ಳೆಯವರು. ಮನೆಮಾತು ತಮಿಳು, ಗಿರಾಕಿಗಳ ಜೊತೆ ನಾಲ್ಕೂ ಬೋರ್ಡಿನ ಭಾಷೆ ಆಡುತ್ತಿದ್ದರು. ಒಂದೇ ಒಂದು ವಿಷಯದಲ್ಲಿ ಮಾತ್ರ ಅವರು ಹಟಮಾರಿ. ನಾನು ಕೆಲಸಕ್ಕೆ ಸೇರಿದ ದಿನ ಅವರ ವಯಸ್ಸು ಐವತ್ತೊಂಬತ್ತು. ಆರು ವರ್ಷ ಆದ ಮೇಲೂ ಐವತ್ತೊಂಬತ್ತು.

ಭಾನುವಾರ ತಲೆಗೆ ಬಣ್ಣ ಹಚ್ಚುತ್ತಿದ್ದರು. ಸೋಮವಾರ ಕೂದಲಿನ ಜೊತೆ ಕಿವಿಯೂ ಕಪ್ಪಗಿರುತ್ತಿತ್ತು. ಬುಧವಾರದ ಹೊತ್ತಿಗೆ ಕಿವಿ ಬೆಳ್ಳಗಾಗುತ್ತಿತ್ತು, ಕೂದಲು ಹಾಗೇ ಉಳಿಯುತ್ತಿತ್ತು. ಹಾಗಾಗಿ ವಯಸ್ಸಿನ ಬಗ್ಗೆ ಯಾರಾದರೂ ಕೇಳುವುದಿದ್ದರೆ ಬುಧವಾರದ ನಂತರ ಕೇಳುವುದು ಒಳ್ಳೆಯದು ಅಂತ ನಾವು ಕೆಲಸದವರು ಮಾತಾಡಿಕೊಳ್ಳುತ್ತಿದ್ದೆವು.

ಕೇಳುವವರಿಗೇನೂ ಕಮ್ಮಿ ಇರಲಿಲ್ಲ. 'ಈ ವಯಸ್ಸಲ್ಲೂ ನಿಮಗೆ ಕನ್ನಡಕ ಇಲ್ವಲ್ಲ ಸಾರ್' ಅಂತ ಗಿರಾಕಿಗಳು ಆಶ್ಚರ್ಯಪಟ್ಟರೆ, 'ನಂಗೇನು ಮಹಾ ವಯಸ್ಸು? ಐವತ್ತೊಂಬತ್ತು' ಅನ್ನುತ್ತಿದ್ದರು. ಚಾಳೀಸು ಮೇಜಿನ ಡ್ರಾಯರಿನಲ್ಲಿತ್ತು. ರಸೀದಿ ಬರೆಯುವಾಗ ಡ್ರಾಯರು ಎಳೆದು, ತಲೆ ಬಗ್ಗಿಸಿ, ಹಾಕಿಕೊಂಡು ಬರೆದು, ತೆಗೆದಿಟ್ಟು, ತಲೆ ಎತ್ತುತ್ತಿದ್ದರು. ರಸೀದಿಯನ್ನು ಡ್ರಾಯರಿನೊಳಗೆ ಬರೆಯುವ ಅಂಗಡಿ ಇಡೀ ಹಲಸೂರಿನಲ್ಲಿ ನಮ್ಮದೊಂದೇ.

ಒಂದು ಬೆಳಗ್ಗೆ ರೇಷ್ಮೆ ಪಂಚೆ ಉಟ್ಟು, ಕೈಯಲ್ಲಿ ಅಕ್ಷತೆ, ಕುಂಕುಮ, ಕಾರ್ಡುಗಳ ಕಟ್ಟು ಹಿಡಿದು ಒಬ್ಬರು ಒಳಗೆ ಬಂದರು. ತಲೆಯೆಲ್ಲ ಬೆಳ್ಳಿ, ಮುಖದಲ್ಲಿ ಯಜಮಾನರದೇ ಹೋಲಿಕೆ. ಯಜಮಾನರು ಆಗ ಬ್ಯಾಂಕಿಗೆ ಹೋಗಿದ್ದರು.

'ನಾನು ನಿಮ್ಮ ಯಜಮಾನರ ಖಾಸಾ ತಮ್ಮ. ಬರೋ ಶುಕ್ರವಾರ ನಂದು ಷಷ್ಟಿಪೂರ್ತಿ. ಮಕ್ಕಳೆಲ್ಲ ಸೇರಿ ಮಾಡ್ತಿದ್ದಾರೆ. ಅಂಗಡಿಯೋರೆಲ್ಲ ತಪ್ಪದೆ ಬರಬೇಕು' ಅಂತ ನಮಗೆಲ್ಲ ಒಂದೊಂದು ಕಾರ್ಡು ಕೊಟ್ಟು ಹೋದರು.

ಷಷ್ಟಿಪೂರ್ತಿ ಅಂದರೆ ಅರವತ್ತು ತುಂಬುವುದು. ನಾವು ಮೂವರು ಕೆಲಸದವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಣ್ಣನಿಗೆ ಐವತ್ತೊಂಬತ್ತು, ತಮ್ಮನಿಗೆ ಅರವತ್ತು. ಯಾರು ಕೇಳುವುದು? ಲೆನ್ಸ್ ಕತ್ತರಿಸುವವರು ನನ್ನನ್ನು ತೋರಿಸಿದರು. ಹೊಸದಾಗಿ ಬಂದವಳು ಅಂತ ಆರು ವರ್ಷದ ನಂತರವೂ ನನ್ನನ್ನೇ ಮುಂದೆ ತಳ್ಳುತ್ತಿದ್ದರು.

ಯಜಮಾನರು ಬಂದು ಕೂತ ಮೇಲೆ ಕಾರ್ಡನ್ನು ಅವರ ಮುಂದೆ ಇಟ್ಟು, 'ನಿಮ್ಮ ತಮ್ಮ ಬಂದಿದ್ರು ಸರ. ಶುಕ್ರವಾರ ಅವರಿಗೆ ಅರವತ್ತು ತುಂಬತೈತಂತ್ರಿ' ಅಂದೆ.

ಯಜಮಾನರು ಡ್ರಾಯರು ಎಳೆದರು. ತಲೆ ಬಗ್ಗಿಸಿ ಕಾರ್ಡು ಪೂರ್ತಿ ಓದಿದರು. ಡ್ರಾಯರು ಮುಚ್ಚಿದರು.

'ಅವನು ಚಿಕ್ಕಂದಿನಿಂದ್ಲೂ ಹಾಗೇಮ್ಮಾ' ಅಂದರು. 'ಎಲ್ಲದಕ್ಕೂ ಅವಸರ.'

ಕಾರ್ಡಿನಲ್ಲಿ ಬರೆದ ವಯಸ್ಸು

ವರ್ಷಕ್ಕೊಮ್ಮೆ ಕೆ.ಆರ್. ಪುರದ ಒಂದು ಶಾಲೆಯಲ್ಲಿ ಉಚಿತ ಕಣ್ಣು ತಪಾಸಣೆ ಶಿಬಿರ ನಡೆಯುತ್ತಿತ್ತು. ನಮ್ಮ ಅಂಗಡಿಯಿಂದ ನಾನು ಹೋಗುತ್ತಿದ್ದೆ. ನನ್ನ ಕೆಲಸ ಬಾಗಿಲಲ್ಲಿ ಕೂತು ಹೆಸರು, ಊರು, ವಯಸ್ಸು ಕಾರ್ಡಿನಲ್ಲಿ ಬರೆಯುವುದು. ಹೆಸರು, ಊರು ಬರೆಯಲು ಅರ್ಧ ನಿಮಿಷ. ವಯಸ್ಸಿಗೆ ಕಾಲು ಗಂಟೆ.

ಒಬ್ಬ ತಾತ ಬಂದರು. ಅಲ್ಲಿನ ಹಳೇ ಊರಿನವರು. ಒಂದು ಕಾಲಕ್ಕೆ ರಾಗಿ ಬೆಳೆದ ಹೊಲದಲ್ಲಿ ಈಗ ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಜೊತೆಗೆ ಅಜ್ಜಿ, ಹಿಂದೆ ಅವರ ದೊಡ್ಡ ಮಗ.

'ವಯಸ್ಸೆಷ್ಟು ತಾತ?'

'ಅದನ್ನ ಯಾರಮ್ಮ ಬರ್ದಿಟ್ಟವ್ರೆ? ನೀನೇ ನೋಡಿ ಒಂದು ಹಾಕ್ಕೊ.'

'ಹಾಗೆ ನಾನು ಹಾಕೋ ಹಾಗಿಲ್ಲ. ಅಂದಾಜಾದ್ರೂ ಹೇಳಿ.'

ತಾತ ನನ್ನ ಕಾರ್ಡು, ಪೆನ್ನು, ಪಕ್ಕದಲ್ಲಿ ನಿಂತ ಸರದಿಯ ಜನ ಎಲ್ಲ ನೋಡಿ, 'ನಮ್ಮನೆಯವಳನ್ನ ಕೇಳು. ಇಂಥದ್ದೆಲ್ಲ ಅವಳೇ ನೋಡ್ಕೊಳ್ಳೋದು' ಅಂದರು.

ಅಜ್ಜಿ ಮುಂದೆ ಬಂದರು. 'ಮದ್ವೆ ಆದಾಗ ನನಗಿಂತ ಹತ್ತು ವರ್ಷ ದೊಡ್ಡೋರು ಅಂದಿದ್ರು. ಆಮೇಲೆ ಏನಾಯ್ತೋ ನಂಗೊತ್ತಿಲ್ಲ.'

'ಆಮೇಲೂ ಹತ್ತೇ ಇರುತ್ತೆ ಅಜ್ಜಿ. ನಿಮಗೆಷ್ಟು ಹೇಳಿ, ನಾನು ಹತ್ತು ಕೂಡಿಸಿಕೊಳ್ತೀನಿ.'

'ನಂಗಾ? ನಂಗೊಂದು ಐವತ್ತು ಇರ್ಬೋದು.'

ಸರಿ ಅಂತ ಅಜ್ಜಿಗೆ ಐವತ್ತು, ತಾತನಿಗೆ ಅರವತ್ತು ಬರೆದೆ. ಇಬ್ಬರಿಗೂ ಸಮಾಧಾನವಾದ ಹಾಗೆ ಕಂಡಿತು. ನಾನು ಅರವತ್ತು ಅಂದ ಕೂಡಲೇ ತಾತ ಬೆನ್ನು ಸ್ವಲ್ಪ ನೆಟ್ಟಗೆ ಮಾಡಿಕೊಂಡರು. ಮಗನಿಗೂ ಹತ್ತಿರದ್ದು ಕಾಣುತ್ತಿರಲಿಲ್ಲವಂತೆ. ಅವನಿಗೂ ಒಂದು ಕಾರ್ಡು ತೆಗೆದುಕೊಂಡೆ.

'ನಿಮ್ಮ ವಯಸ್ಸು?'

ಮಗ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು, ಇಂಥ ಫಾರಂ ತುಂಬಿ ಅಭ್ಯಾಸವಿತ್ತು. ತಟ್ಟನೆ, 'ನಲವತ್ತೆಂಟು' ಅಂದ.

ನನ್ನ ಪೆನ್ನು ನಿಂತಿತು. ಅಮ್ಮನಿಗೆ ಐವತ್ತು, ಮಗನಿಗೆ ನಲವತ್ತೆಂಟು. ಒಳಗೆ ಕೂತ ಡಾಕ್ಟರು ಮೂರು ಕಾರ್ಡನ್ನೂ ಒಟ್ಟಿಗೆ ನೋಡಿದರೆ ನನ್ನನ್ನು ಏನಂದುಕೊಂಡಾರು ಅಂತ ಚಿಂತೆಯಾಯಿತು. ಅಜ್ಜಿಗೂ ಏನೋ ಎಡವಟ್ಟಾಗಿದೆ ಅನ್ನುವುದು ಹೊಳೆಯಿತು. ಮಗನ ತೋಳು ಹಿಡಿದು ಪಕ್ಕಕ್ಕೆ ಎಳೆದು ಗದರಿದರು:

'ಯಾಕೋ ಅಷ್ಟೊಂದು ಹೇಳ್ದೆ? ಒಂದು ಇಪ್ಪತ್ತೈದು ಬರ್ಸು. ನಾವೆಲ್ಲ ಒಂದೇ ಮನೆಯೋರು ಅಂತ ಅವ್ರಿಗೆ ಗೊತ್ತಾಗ್ಬೇಕಲ್ಲ.'

ಪವರ್ ಕಡಿಮೆ ಮಾಡಿ

ನನ್ನ ಸ್ವಂತ ಅಂಗಡಿ ಶುರುವಾದ ವರ್ಷ, ತಿಪ್ಪಸಂದ್ರದ ಅತ್ತೆಯೊಬ್ಬರಿಗೆ ಎರಡೂ ಕಣ್ಣಿನ ಪೊರೆ ಆಪರೇಷನ್ ಆಯಿತು. ಅತ್ತೆ ಅಂತ ಯಾಕೆ ಅನ್ನುತ್ತೇನೆ ಅಂದರೆ ನನ್ನ ಅಂಗಡಿಗೆ ಮೊದಲು ಬಂದದ್ದು ಅವರ ಸೊಸೆ. ಆಪರೇಷನ್ ಗಾಯವೆಲ್ಲ ಮಾಗಿದ ಮೇಲೆ ನಾನು ಅತ್ತೆಗೆ ಕನ್ನಡಕ ಮಾಡಿಕೊಟ್ಟೆ. ಹಾಕಿಕೊಂಡ ಕೂಡಲೇ ಎದುರಿನ ಬೇಕರಿಯ ಬೋರ್ಡಿನಲ್ಲಿದ್ದ ಫೋನ್ ನಂಬರನ್ನು ಕೂತಲ್ಲಿಂದಲೇ ಓದಿದರು. ನನಗೂ ಹೆಮ್ಮೆಯಾಯಿತು.

ನಾಲ್ಕು ದಿನ ಬಿಟ್ಟು ಸೊಸೆ ಒಬ್ಬಳೇ ಬಂದಳು. ಅಂಗಡಿಯಲ್ಲಿ ಯಾರೂ ಇಲ್ಲದಂತಾಗುವ ತನಕ ಕಾದು ದನಿ ತಗ್ಗಿಸಿದಳು.

'ಅಕ್ಕಾ, ಒಂದು ಸಹಾಯ ಆಗ್ಬೇಕು. ನಮ್ಮತ್ತೆ ಕನ್ನಡಕದ ಪವರ್ ಸ್ವಲ್ಪ ಕಡಿಮೆ ಮಾಡಿಕೊಡ್ತೀರಾ?'

'ಯಾಕಮ್ಮಾ, ಸರಿಯಾಗಿ ಕಾಣ್ತಿಲ್ವಾ?'

'ಕಾಣ್ತಿದೆ. ಅದೇ ತೊಂದರೆ. ಫ್ರಿಜ್ಜಿನ ಹಿಂದಿನ ಜೇಡರ ಬಲೆ ಕಾಣ್ತಿದೆ, ಸಾಂಬಾರ್ ಡಬ್ಬಿ ಮೇಲಿನ ಜಿಡ್ಡು ಕಾಣ್ತಿದೆ. ಎಂಟು ವರ್ಷದಿಂದ ನನ್ನ ಸೊಸೆಯಂಥ ಸೊಸೆ ಇಲ್ಲ ಅಂತ ಎಲ್ಲರ ಹತ್ರ ಹೇಳ್ತಿದ್ರು ಅಕ್ಕಾ. ನಾಲ್ಕು ದಿನದಲ್ಲಿ ಎಲ್ಲಾ ಹೋಯ್ತು.'

ಹಾಗೆಲ್ಲ ಮಾಡಲು ಬರುವುದಿಲ್ಲ, ಅಭ್ಯಾಸವಾದ ಮೇಲೆ ಅವರೇ ಸುಮ್ಮನಾಗುತ್ತಾರೆ ಅಂತ ಸಮಾಧಾನ ಹೇಳಿ ಕಳಿಸಿದೆ. ಮಾರನೇ ದಿನ ಮಾವನವರು ಬಂದರು. ಕೊಡೆ ಮಡಚಿಟ್ಟು ಕೂತು, ಗಂಟಲು ಸರಿಮಾಡಿಕೊಂಡರು.

'ಆ ಕನ್ನಡಕ ಸ್ವಲ್ಪ ಸ್ಟ್ರಾಂಗ್ ಆಯ್ತು ಅಂತ ಕಾಣುತ್ತೆ ಕಣಮ್ಮ. ನಾನು ಶೇವ್ ಮಾಡ್ಕೊಂಡು ಬಂದ್ರೆ ಇಲ್ಲಿ ಬಿಟ್ಟಿದೀರಿ, ಅಲ್ಲಿ ಬಿಟ್ಟಿದೀರಿ ಅಂತಾಳೆ. ನಿನ್ನೆ ಅರ್ಧ ಗಂಟೆ ನನ್ನ ಮುಖವನ್ನೇ ನೋಡಿದಳು. ನಲವತ್ತು ವರ್ಷದಿಂದ ಅಷ್ಟು ಹೊತ್ತು ನೋಡಿದವಳಲ್ಲ. ಕೊನೆಗೆ, ಯಾವಾಗಾಯ್ತು ಇದೆಲ್ಲ ಅಂತ ಕೇಳಿದಳು.'

ಅವರಿಗೂ ಅದೇ ಸಮಾಧಾನ ಹೇಳಿದೆ. ಮೂರನೇ ದಿನ ಅತ್ತೆಯೇ ಬಂದುಬಿಟ್ಟರು. ಈ ಇಬ್ಬರೂ ಬಂದುಹೋದ ವಿಷಯ ತಿಳಿದು ಜಗಳಕ್ಕೇ ಬಂದಿದ್ದಾರೆ ಅಂದುಕೊಂಡೆ. ಆದರೆ ಮುಖ ಶಾಂತವಾಗಿತ್ತು.

'ಕನ್ನಡಕ ಬಹಳ ಚೆನ್ನಾಗಿದೆ ತಾಯಿ. ಮನೆಯಲ್ಲಿ ಇರೋದೆಲ್ಲ ಇದ್ದಂಗೇ ಕಾಣುತ್ತೆ, ಒಂದೊಂದು ಎಳೆಯೂ ಬಿಡದಂಗೆ' ಅಂದರು. ಆಮೇಲೆ ಸ್ವಲ್ಪ ಹತ್ತಿರ ಬಗ್ಗಿ ಕೇಳಿದರು:

'ನಮ್ಮನೆ ನಿಲುವುಗನ್ನಡಿ ಒಂದು ಕೆಟ್ಟುಹೋಗಿದೆ. ಒಳ್ಳೇ ಕನ್ನಡಿ ಎಲ್ಲಿ ಸಿಗುತ್ತೆ ಈಗ?'

ನನ್ನ ಸರದಿ

ಊರಿಗೆಲ್ಲ ಚಾಳೀಸು ಕೊಟ್ಟ ನನಗೆ ನಲವತ್ತೊಂದನೇ ವರ್ಷದಲ್ಲಿ ಒಂದು ವಿಚಿತ್ರ ಅನುಭವವಾಗತೊಡಗಿತು. ಲೆನ್ಸ್ ಕಂಪನಿಯವರು ಪೊಟ್ಟಣದ ಮೇಲೆ ಪವರಿನ ಅಂಕಿಯನ್ನು ಸಣ್ಣದಾಗಿ ಅಚ್ಚು ಹಾಕಿಸಲು ಶುರುಮಾಡಿದರು. ಕಂಪನಿಯಿಂದ ಬರುತ್ತಿದ್ದ ಪ್ರತಿನಿಧಿಗೆ ಎರಡು ಸಲ ದೂರು ಹೇಳಿದೆ. ಆತ 'ಅದೇ ಸೈಜು ಮೇಡಂ' ಅಂದ. ಸುಳ್ಳು ಹೇಳುತ್ತಿದ್ದಾನೆ ಅಂದುಕೊಂಡೆ.

ಮನೆಯಲ್ಲಿ ಅಕ್ಕಿ ಆರಿಸುವಾಗ ಮೊರವನ್ನು ಮೊಣಕಾಲಿನ ಆಚೆಗೆ ತಳ್ಳಿಕೊಳ್ಳುತ್ತಿದ್ದೆ. 'ಯಾಕ ಅಷ್ಟ ದೂರ ಇಟ್ಟೀ? ಅಕ್ಕಿ ಏನು ಕಡೀತಾವೇನು?' ಅಂದರು ಮನೆಯವರು. 'ಬೆಳಕು ಸರಿ ಇಲ್ಲ' ಅಂದೆ. ಮಾತು ಬಾಯಿಂದ ಹೊರಬಿದ್ದ ಕೂಡಲೇ ಇದನ್ನು ಎಲ್ಲೋ ಕೇಳಿದ್ದೇನಲ್ಲ ಅನಿಸಿತು. ಆದರೂ ಮುಂದೆ ಯೋಚಿಸಲಿಲ್ಲ.

ಶಿವಾಜಿನಗರದಲ್ಲಿ ಶೇರ್ವಾನಿ ಹೊಲಿಯುವ ಒಬ್ಬರು ಹಿರಿಯ ದರ್ಜಿ ಇದ್ದರು. ಹಲಸೂರಿನ ದಿನಗಳಿಂದಲೂ ನನ್ನ ಗಿರಾಕಿ. ನಾನು ತಿಪ್ಪಸಂದ್ರಕ್ಕೆ ಬಂದ ಮೇಲೂ ಎರಡು ಬಸ್ಸು ಬದಲಾಯಿಸಿ ನನ್ನ ಹತ್ತಿರವೇ ಬರುತ್ತಿದ್ದರು. ಅವರಿಗೆ ಮೊದಲ ಚಾಳೀಸು ಕೊಟ್ಟದ್ದು ನಾನೇ. ಆವತ್ತು ಸೂಜಿಗೆ ದಾರ ಪೋಣಿಸಲಾಗದೆ ಕಸುಬೇ ಹೋಯಿತೆಂದು ಅವರು ಕಣ್ಣಲ್ಲಿ ನೀರು ತಂದುಕೊಂಡಿದ್ದರು. 'ಇದು ಕಾಯಿಲೆ ಅಲ್ಲ ಚಾಚಾ, ಎಲ್ಲರಿಗೂ ಬರೋದೇ' ಅಂತ ನಾನು ಚಹಾ ತರಿಸಿ ಕುಡಿಸಿದ್ದೆ.

ಒಂದು ಮಧ್ಯಾಹ್ನ ಅವರ ಹೊಸ ಕನ್ನಡಕಕ್ಕೆ ಲೆನ್ಸ್ ಹುಡುಕುತ್ತಿದ್ದೆ. ಪೊಟ್ಟಣ ಹಿಡಿದ ಕೈಯನ್ನು ಮುಂದೆ ಚಾಚಿದೆ. ಸಾಲಲಿಲ್ಲ, ಕತ್ತು ಹಿಂದಕ್ಕೆ ಎಳೆದುಕೊಂಡೆ. ಕೊನೆಗೆ ಕಪಾಟಿಗೆ ತಲೆ ತಾಗಿತು. ಇನ್ನು ಹಿಂದೆ ಹೋಗಲು ಜಾಗವಿರಲಿಲ್ಲ.

ಚಾಚಾ ತಮ್ಮ ಮುಖದ ಮೇಲಿದ್ದ ಹಳೇ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಕೌಂಟರಿನ ಮೇಲೆ ನನ್ನ ಕಡೆಗೆ ಸರಿಸಿದರು.

'ಹಾಕ್ಕೊಂಡು ನೋಡು ಬೇಟಿ.'

ಹಾಕಿಕೊಂಡೆ. ಪೊಟ್ಟಣದ ಅಂಕಿ ಅಚ್ಚುಕಟ್ಟಾಗಿ ಕಂಡಿತು. ಅಂಕಿ ಮಾತ್ರವಲ್ಲ, ನನ್ನ ಕೈಯ ಚರ್ಮದ ಮೇಲಿನ ಸಣ್ಣ ಸಣ್ಣ ಗೆರೆಗಳೂ ಕಂಡವು. ಕೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತ ನಿಂತೆ.

ಚಾಚಾ ಎದ್ದು ಬಾಗಿಲ ಬಳಿ ಹೋಗಿ ಪಕ್ಕದ ಹೋಟೆಲಿನ ಕಡೆ ಕೂಗಿದರು:

'ಭಾಯ್, ಒಂದು ಚಾ ಕೊಡಿ. ಡಾಕ್ಟರಮ್ಮಂಗೆ ಎಲ್ಲರಿಗೂ ಬರೋದು ಬಂದಿದೆ.'

ಎಂಟು

ಎಲ್ಲಕ್ಕಿಂತ ಹೆಚ್ಚು ನನ್ನನ್ನು ನಗಿಸಿದವರು ನಮ್ಮ ಬೀದಿಯ ಟೀಚರ್. ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾಗಿದ್ದರು. ವಯಸ್ಸು ಅರವತ್ತೊಂದು. ಒಂದು ದಿನ ಅಂಗಡಿಗೆ ಬಂದು, 'ಕಣ್ಣು ಪರೀಕ್ಷೆ ಮಾಡಮ್ಮ. ಸ್ಕೂಟರ್ ಲೈಸೆನ್ಸ್ ತಗೋಬೇಕು' ಅಂದರು.

'ಯಾರಿಗೆ ಟೀಚರ್?'

'ಕಣ್ಣು ಯಾರದು ನೋಡ್ತಿದ್ದೀಯೋ ಅವರಿಗೆ.'

ಅವರ ಯಜಮಾನರು ವಿಮಾನ ಕಾರ್ಖಾನೆಯಲ್ಲಿದ್ದವರು. ಮದುವೆಯಾದಾಗಿನಿಂದ ಟೀಚರ್ ಅವರ ಸ್ಕೂಟರಿನ ಹಿಂದೆ ಸೀರೆ ಉಟ್ಟು ಒಂದೇ ಪಕ್ಕಕ್ಕೆ ಕೂತು ಓಡಾಡಿದ್ದರು. ಈಗ ಯಜಮಾನರಿಗೆ ಮಂಡಿನೋವು ಬಂದು ಸ್ಕೂಟರ್ ಓಡಿಸುವುದನ್ನೇ ನಿಲ್ಲಿಸಿದ್ದರು.

'ಮೂವತ್ತೈದು ವರ್ಷ ಬೆಂಗಳೂರಿನ ಎಡಗಡೆ ಮಾತ್ರ ನೋಡಿದ್ದೀನಿ ಕಣಮ್ಮ' ಅಂದರು ಟೀಚರ್. 'ಇಂದಿರಾನಗರದಲ್ಲಿ ಬಲಗಡೆ ಏನಿದೆ ಅಂತ ಕೇಳಿದ್ರೆ ನನಗೆ ಗೊತ್ತಿಲ್ಲ.'

ಯಜಮಾನರು ಬಹಳ ವಿರೋಧ ಮಾಡಿದರು. 'ಈ ವಯಸ್ಸಲ್ಲಿ ಯಾಕೆ? ಆಟೋ ಇಲ್ವಾ?' ಅಂದರಂತೆ. 'ಈ ವಯಸ್ಸಲ್ಲಿ ಬೇಡ ಅಂದ್ರೆ ಇನ್ಯಾವುದರಲ್ಲಿ? ಮುಂದೆ ಬರೋದು ಇದಕ್ಕಿಂತ ಜಾಸ್ತಿನೇ ಇರುತ್ತೆ' ಅಂದರಂತೆ ಟೀಚರ್. ಕೊನೆಗೆ ಒಂದು ಒಪ್ಪಂದವಾಯಿತು. ಪರೀಕ್ಷೆಯಲ್ಲಿ ಪಾಸಾದರೆ ಸರಿ, ಯಜಮಾನರು ಇನ್ನು ಆ ಮಾತು ಎತ್ತಬಾರದು. ಫೇಲಾದರೆ ಟೀಚರ್ ಈ ಜನ್ಮದಲ್ಲಿ ಹ್ಯಾಂಡಲ್ ಮುಟ್ಟಬಾರದು.

ಗೇರಿಲ್ಲದ ಹೊಸ ಸ್ಕೂಟರ್ ಬಂತು. ಬೆಳಗ್ಗೆ ಬೆಳಗ್ಗೆ ಮೈದಾನದಲ್ಲಿ ಕಲಿಕೆ ಶುರುವಾಯಿತು. ಧೈರ್ಯಕ್ಕೆ ನಾನು ಜೊತೆಗೆ ಹೋಗುತ್ತಿದ್ದೆ. ಟೀಚರ್ ಚೂಡಿದಾರ ಹಾಕಿ, ಅದರ ಮೇಲೆ ಯಜಮಾನರ ಹಳೇ ಸ್ವೆಟರ್ ಹಾಕಿ, ಹೆಲ್ಮೆಟ್ಟಿನೊಳಗೆ ಮಲ್ಲಿಗೆ ಹೂ ಮುಡಿದು ಬರುತ್ತಿದ್ದರು. ನೆಟ್ಟಗೆ ಓಡಿಸುವುದು ವಾರದಲ್ಲಿ ಬಂತು. ತೊಂದರೆ ಇದ್ದದ್ದು ಎಂಟಿನಲ್ಲಿ. ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟು ಅಂಕಿಯ ಆಕಾರದಲ್ಲಿ ಗಾಡಿ ತಿರುಗಿಸಬೇಕಲ್ಲ, ಮೊದಲ ಸುತ್ತು ಚೆನ್ನಾಗಿ ಬರುತ್ತಿತ್ತು, ಮಧ್ಯದಲ್ಲಿ ದಾಟಿ ಎರಡನೇ ಸುತ್ತಿಗೆ ಹೋಗುವಾಗ ಹ್ಯಾಂಡಲ್ ತಿರುಗುತ್ತಿರಲಿಲ್ಲ. ಗಾಡಿ ಎತ್ತಲೋ ಹೊರಟುಹೋಗುತ್ತಿತ್ತು. ಒಂದು ಸಲ ಎಂಟು ಬರೆಯಲು ಹೋಗಿ ಮೈದಾನದ ಗೇಟು ದಾಟಿ ಹಾಲಿನ ಬೂತಿನ ತನಕ ಹೋಗಿ ನಿಂತಿದ್ದರು. ಹೋದದ್ದೇ ಹೋಗಿದ್ದೀನಿ ಅಂತ ಎರಡು ಪ್ಯಾಕೆಟ್ ಹಾಲು ತಂದರು.

ಪರೀಕ್ಷೆಯ ದಿನ ಬಂತು. ಟೀಚರ್ ನನ್ನನ್ನೂ ಆರ್.ಟಿ.ಓ. ಮೈದಾನಕ್ಕೆ ಕರೆದುಕೊಂಡು ಹೋದರು. ಯಜಮಾನರು ಮೊದಲೇ ಆಟೋದಲ್ಲಿ ಬಂದು ಹೊಂಗೆ ಮರದ ಕೆಳಗೆ ನಿಂತಿದ್ದರು. ಕೈಚೀಲದಲ್ಲಿ ನೀರಿನ ಬಾಟಲಿ, ಡೆಟಾಲು, ಬ್ಯಾಂಡೇಜಿನ ಸುರುಳಿ. ಟೀಚರ್ ಅದನ್ನು ನೋಡಿದರು. ಹೆಲ್ಮೆಟ್ಟಿನ ಪಟ್ಟಿಯನ್ನು ಇನ್ನಷ್ಟು ಬಿಗಿಮಾಡಿಕೊಂಡರು. ಸರದಿಯಲ್ಲಿ ಹದಿನೈದು ಇಪ್ಪತ್ತು ಜನ. ಟೀಚರ್ ಹಿಂದೆ ನಲವತ್ತೈದರ ಸುಮಾರಿನ ಒಬ್ಬ ದಪ್ಪ ಮನುಷ್ಯ, ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. ಅವರಿಗದು ಮೂರನೇ ಪ್ರಯತ್ನವಂತೆ.

ಇನ್‌ಸ್ಪೆಕ್ಟರು ಕುರ್ಚಿಯಲ್ಲಿ ಕೂತಲ್ಲಿಂದಲೇ, 'ಎಂಟು ಹಾಕಿ ಅಮ್ಮಾ' ಅಂದರು. ನೆಲದ ಮೇಲೆ ಗುರುತೇನೂ ಇರಲಿಲ್ಲ, ಬರೀ ಬಯಲು.

ಟೀಚರ್ ಹೊರಟರು. ಮೊದಲ ಬಾಗು ಚೆನ್ನಾಗಿ ಬಂತು. ಮಧ್ಯಕ್ಕೆ ಬಂದರು. ಹ್ಯಾಂಡಲ್ ತಿರುಗಲಿಲ್ಲ. ಗಾಡಿ ಒಂದು ಸಲ ಹೊರಳಿ, ಉದ್ದಕ್ಕೆ ಒಂದು ಬಾಲ ಎಳೆದ ಹಾಗೆ ಪಕ್ಕಕ್ಕೆ ಹೋಗಿ ನಿಂತಿತು. ಮರದ ಕೆಳಗೆ ಯಜಮಾನರು ಬ್ಯಾಂಡೇಜು ಹೊರತೆಗೆದರು. ನಾನು ಕಣ್ಣು ಮುಚ್ಚಿಕೊಂಡೆ.

'ಏನಮ್ಮಾ ಇದು? ಎಂಟು ಹಾಕಿ ಅಂದೆ ನಾನು' ಅಂದರು ಇನ್‌ಸ್ಪೆಕ್ಟರು.

ಟೀಚರ್ ಗಾಡಿ ಆಫ್ ಮಾಡಿದರು. ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದರು. ಮೂರನೇ ಕ್ಲಾಸಿನ ಮಕ್ಕಳಿಗೆ ಹೇಳುವ ದನಿಯಲ್ಲಿ ಹೇಳಿದರು:

'ಎಂಟೇ ಹಾಕಿದ್ದೀನಿ. ಕನ್ನಡದ ಎಂಟು.'

ಇನ್‌ಸ್ಪೆಕ್ಟರು ನೆಲ ನೋಡಿದರು. ಮಣ್ಣಿನ ಮೇಲೆ ಚಕ್ರದ ಗುರುತು ಸ್ಪಷ್ಟವಾಗಿತ್ತು. ಒಂದು ಬಾಗು, ಒಂದು ಹೊರಳು, ಒಂದು ಬಾಲ. ಅಪ್ಪಟ ೮.

'ಮೂವತ್ತು ವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಇದನ್ನೇ ಬರೆಸಿದ್ದೀನಿ' ಅಂತ ಟೀಚರ್ ಮುಂದುವರಿಸಿದರು. 'ನೀವು ಕನ್ನಡದಲ್ಲಿ ಎಂಟು ಅಂದ್ರಿ, ನಾನು ಕನ್ನಡದಲ್ಲಿ ಹಾಕಿದೆ. ನಿಮಗೆ ಬೇಕಾಗಿದ್ದ ಆಕಾರ ಸುಮಾರಾಗಿ ನಮ್ಮ ನಾಲ್ಕು. ನಾಲ್ಕು ಹಾಕಿ ಅಂದಿದ್ರೆ ಅದನ್ನೇ ಹಾಕ್ತಿದ್ದೆ.'

ಇನ್‌ಸ್ಪೆಕ್ಟರು ಪೆನ್ನಿನಿಂದ ಅಂಗೈ ಮೇಲೆ ಏನೋ ಬರೆದು ನೋಡಿಕೊಂಡರು. ನಾಲ್ಕೇ ಇರಬೇಕು. ಸರದಿಯಲ್ಲಿದ್ದವರೆಲ್ಲ ಹತ್ತಿರ ಬಂದು ನೆಲ ನೋಡತೊಡಗಿದರು. ಸರ್ಕಾರಿ ಮನುಷ್ಯ ಕನ್ನಡದ ಎಂಟನ್ನು ಎಂಟಲ್ಲ ಅಂತ ಅಷ್ಟು ಜನರ ಮುಂದೆ ಹೇಗೆ ಹೇಳುತ್ತಾನೆ?

'ಸರಿ ಟೀಚರ್' ಅಂದರು ಕೊನೆಗೆ. ಅಮ್ಮಾ ಹೋಗಿ ಟೀಚರ್ ಆಗಿತ್ತು. 'ಇಂಗ್ಲಿಷಲ್ಲೂ ಒಂದು ಹಾಕಿಬಿಡಿ.'

ಟೀಚರ್ ಮತ್ತೆ ಹೆಲ್ಮೆಟ್ ಹಾಕಿದರು. ಈ ಸಲ ಏನಾಯಿತೋ, ವಾದ ಗೆದ್ದ ಹುಮ್ಮಸ್ಸೋ ಏನೋ, ಮಧ್ಯದಲ್ಲಿ ಹ್ಯಾಂಡಲ್ ಬೆಣ್ಣೆಯ ಹಾಗೆ ತಿರುಗಿತು. ಎರಡನೇ ಸುತ್ತೂ ಪೂರ್ತಿಯಾಯಿತು. ಕಟ್ಟಕಡೆಯಲ್ಲಿ ಮಾತ್ರ ಗಾಡಿ ವಾಲಿ ಒಂದು ಕಾಲು ನೆಲಕ್ಕೆ ತಾಗಿತು.

'ಕಾಲು ಊರಿಬಿಟ್ರಲ್ಲ ಟೀಚರ್' ಅಂದರು ಇನ್‌ಸ್ಪೆಕ್ಟರು.

'ಬರೆದು ಮುಗಿಸಿದ ಮೇಲೆ ಚುಕ್ಕಿ ಇಡಬೇಕಪ್ಪ' ಅಂದರು ಟೀಚರ್.

ಇನ್‌ಸ್ಪೆಕ್ಟರು ಕಾಗದದ ಮೇಲೆ ಪಾಸ್ ಅಂತ ಬರೆದರು. ಬರೆದು, ಒಂದು ಗಳಿಗೆ ಯೋಚಿಸಿ, ಮುಂದೆ ಒಂದು ಚುಕ್ಕಿಯನ್ನೂ ಇಟ್ಟರು. ಮರದ ಕೆಳಗೆ ಯಜಮಾನರು ಬ್ಯಾಂಡೇಜನ್ನು ಚೀಲಕ್ಕೆ ಹಾಕಿ, ಎಲ್ಲರ ಮುಂದೆ ಚಪ್ಪಾಳೆ ಹೊಡೆದರು. ಅವರ ಕಣ್ಣು ಒದ್ದೆಯಾಗಿದ್ದದ್ದು ಧೂಳಿಗಂತೆ. ನಾನು ಕಣ್ಣಿನ ಕೆಲಸದವಳು, ನನಗೇ ಹಾಗೆ ಹೇಳಿದರು.

'ಮುಂದಿನೋರು ಬನ್ನಿ' ಅಂತ ಇನ್‌ಸ್ಪೆಕ್ಟರು ಕರೆದರು. ಆ ದಪ್ಪ ಮನುಷ್ಯ ಗಾಡಿ ತಳ್ಳಿಕೊಂಡು ಮುಂದೆ ಬಂದರು. ನೆಲದ ಮೇಲಿದ್ದ ಎರಡು ಎಂಟನ್ನೂ ಸಾವಧಾನವಾಗಿ ನೋಡಿದರು. ಬೆವರು ಒರೆಸಿಕೊಂಡು, ತುಂಬ ವಿನಯದಿಂದ ಕೇಳಿದರು:

'ಸಾರ್, ನಂದೂ ಕನ್ನಡ ಮೀಡಿಯಮ್ಮೇ. ಅದನ್ನೇ ಹಾಕ್ಲಾ?'